ಎತ್ತಿನ ಕಾಲು ಮುರಿದ ಮೇಲೆ ಶುರುವಾಗುವ ಆಟ

ಮಣ್ಣೆತ್ತಿನ ಅಮಾವಾಸ್ಯೆಯ ಪೂಜೆ ಮುಗಿದ ಮೇಲೆ ನಮ್ಮ ಕಡೆ ಹುಡುಗರು ಒಂದು ಮಣ್ಣೆತ್ತಿನ ಕಾಲು ಮುರಿದು, ಅದನ್ನು ಹಲಗೆಯ ಮೇಲೆ ಇಟ್ಟುಕೊಂಡು ಮನೆಮನೆಗೆ ಹೋಗುತ್ತಾರೆ. ಎತ್ತು ಕುಂಟಾಗೈತಿ, ಜೋಳ ನೀಡ್ರಿ ಅಂತ ಕೇಳುತ್ತಾರೆ. ಬಾಗಿಲಿಗೆ ಬಂದ ಅವ್ವಂದಿರು ಎತ್ತನ್ನು ನೋಡಿ ‘ಅಯ್ಯ ಪಾಪ’ ಅಂದು ಬೊಗಸೆ ಜೋಳ ಹಾಕುತ್ತಾರೆ. ಅದು ಮಣ್ಣು ಅಂತ ಇಬ್ಬರಿಗೂ ಗೊತ್ತು. ಕಾಲು ಮುರಿದದ್ದು ಯಾರು ಅನ್ನುವುದೂ ಇಬ್ಬರಿಗೂ ಗೊತ್ತು.

ಆಟಿಕೆ ಹಿಡಿದುಕೊಂಡು ಮಕ್ಕಳಿಗೆ ಕಥೆ ಕಟ್ಟುವುದನ್ನು, ಇನ್ನೊಬ್ಬರ ನೋವು ಅರಿಯುವುದನ್ನು ಕಲಿಸುವುದು ಹೇಗೆ ಅಂತ ಕೇಳುವವರಿಗೆ ಈ ಕುಂಟೆತ್ತಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ನಾಲ್ಕು ಕಾಲೂ ನೆಟ್ಟಗಿರುವ ಎತ್ತು ಗೂಡಿನಲ್ಲಿ ಕೂರುತ್ತದೆ. ಕಾಲು ಮುರಿದ ಎತ್ತಿಗೆ ಮಾತ್ರ ಕಥೆ ಇದೆ. ಅದಕ್ಕೆ ಹಸಿವಿದೆ, ಅದು ನಾಲ್ಕು ಮನೆ ತಿರುಗಬೇಕು, ಯಾರೋ ಕೊಡುತ್ತಾರೆ, ಯಾರೋ ಕೊಡುವುದಿಲ್ಲ. ಆಟಿಕೆ ಎಷ್ಟು ದುಬಾರಿ ಅನ್ನುವುದು ಲೆಕ್ಕಕ್ಕಿಲ್ಲ. ಆಟಿಕೆಗೆ ಒಂದು ತೊಂದರೆ ಬೇಕು, ಅದನ್ನು ಬಗೆಹರಿಸುವ ಕೆಲಸ ಮಗುವಿನ ಕೈಯಲ್ಲಿ ಇರಬೇಕು, ದೊಡ್ಡವರು ಬಾಯಿ ಮುಚ್ಚಿಕೊಂಡು ಇರಬೇಕು. ಮೂರರಲ್ಲಿ ಕೊನೆಯದೇ ಕಷ್ಟ.

ವಯಸ್ಸಿನ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಒಂದೂವರೆ ವರ್ಷದ ಆಸುಪಾಸಿಗೆ ಮಗು ಖಾಲಿ ಲೋಟ ಎತ್ತಿ ಕುಡಿದ ಹಾಗೆ ಮಾಡುತ್ತದೆ. ಎರಡರ ಹೊತ್ತಿಗೆ ಅದೇ ಲೋಟವನ್ನು ಗೊಂಬೆಯ ಬಾಯಿಗೆ ಹಿಡಿಯುತ್ತದೆ. ಇಲ್ಲಿ ದೊಡ್ಡ ಬದಲಾವಣೆ ಆಗಿದೆ: ನೀರಡಿಕೆ ತನ್ನದಲ್ಲ, ಗೊಂಬೆಯದು. ಮೂರರ ನಂತರ ಗೊಂಬೆ ತಾನೇ ಮಾತಾಡತೊಡಗುತ್ತದೆ, ಅಳುತ್ತದೆ, ಒಲ್ಲೆ ಅನ್ನುತ್ತದೆ. ನಾಲ್ಕರಿಂದ ಐದರೊಳಗೆ ಇನ್ನೊಂದು ಹೆಜ್ಜೆ. ತನಗೆ ಗೊತ್ತಿರುವುದು ಎದುರಿನವರಿಗೆ ಗೊತ್ತಿರಲಿಕ್ಕಿಲ್ಲ ಅನ್ನುವುದು ಮಗುವಿನ ತಲೆಗೆ ಹತ್ತುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಎರಡು ಗೊಂಬೆ, ಒಂದು ರೊಟ್ಟಿ ಬುಟ್ಟಿ, ಒಂದು ಸಣ್ಣ ಗಡಿಗೆ, ಒಂದು ಗೋಲಿ ಸಾಕು. ಗೊಂಬೆಗಳಿಗೆ ಗೌರವ್ವ, ಈರವ್ವ ಅಂತ ಹೆಸರಿಡಿ. ಗೌರವ್ವ ಗೋಲಿಯನ್ನು ಬುಟ್ಟಿಯಲ್ಲಿಟ್ಟು ನೀರಿಗೆ ಹೋಗುತ್ತಾಳೆ. ಗೊಂಬೆಯನ್ನು ನಿಜವಾಗಿ ಬಾಗಿಲಾಚೆ ಇಡಿ, ಮಗುವಿನ ಕಣ್ಣಿಗೆ ಕಾಣಬಾರದು. ಈರವ್ವ ಗೋಲಿ ತೆಗೆದು ಗಡಿಗೆಯಲ್ಲಿ ಹಾಕುತ್ತಾಳೆ. ಈಗ ಗೌರವ್ವ ವಾಪಸ್ ಬಂದಳು. ‘ಗೌರವ್ವ ಗೋಲಿ ಎಲ್ಲಿ ಹುಡುಕ್ತಾಳ?’ ಮೂರು ವರ್ಷದ ಮಗು ಬಹುತೇಕ ಗಡಿಗೆಯನ್ನೇ ತೋರಿಸುತ್ತದೆ, ಗೋಲಿ ಇರುವುದು ಅಲ್ಲೇ ತಾನೆ! ನಾಲ್ಕು ದಾಟಿದ ಮಗು ಬುಟ್ಟಿ ತೋರಿಸುತ್ತದೆ, ಎಷ್ಟೋ ಸಲ ತುಟಿಯಂಚಲ್ಲಿ ನಕ್ಕು. ಇದು ನಮ್ಮ ಊರಿನ ಕಂಡುಹಿಡಿಕೆಯಲ್ಲ. ಮನಶ್ಶಾಸ್ತ್ರಜ್ಞರಾದ ಸೈಮನ್ ಬ್ಯಾರನ್-ಕೋಹೆನ್, ಅಲನ್ ಲೆಸ್ಲಿ, ಯೂಟಾ ಫ್ರಿತ್ 1985ರಲ್ಲಿ ಸ್ಯಾಲಿ ಮತ್ತು ಆ್ಯನ್ ಅನ್ನುವ ಎರಡು ಗೊಂಬೆ, ಒಂದು ಬುಟ್ಟಿ, ಒಂದು ಡಬ್ಬಿ, ಒಂದು ಗೋಲಿ ಇಟ್ಟುಕೊಂಡು ಮಾಡಿದ ಪರೀಕ್ಷೆ. ಅದಕ್ಕೂ ಮೊದಲು 1983ರಲ್ಲಿ ವಿಮ್ಮರ್ ಮತ್ತು ಪರ್ನರ್ ಇಂಥದ್ದೇ ಮಾಡಿದ್ದರು.

ಮನೆಯಲ್ಲಿ ಮಾಡುವಾಗ ಕೆಡುವುದು ಎರಡು ಕಡೆ. ಗೋಲಿಯ ಬದಲು ಶೇಂಗಾ ಉಂಡಿ ಇಟ್ಟರೆ ಮಗುವಿನ ಲಕ್ಷ್ಯವೆಲ್ಲ ಉಂಡಿಯ ಮೇಲೆ, ಗೌರವ್ವನ ಗೊಡವೆ ಯಾರಿಗೆ ಬೇಕು? ಎರಡನೆಯದು, ಮಗು ಗಡಿಗೆ ತೋರಿಸಿದ ಕೂಡಲೇ ‘ತಪ್ಪು’ ಅನ್ನುವುದು. ಅನ್ನಬೇಡಿ, ಅದು ತಪ್ಪಲ್ಲ, ವಯಸ್ಸು. ಮರುದಿನ ಆಟ ತಿರುಗಿಸಿ, ಮಗುವೇ ಗೌರವ್ವ ಆಗಿ ಬಾಗಿಲಾಚೆ ಹೋಗಲಿ. (ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಗೋಲಿಯ ಬದಲು ಬಾಯಿಗೆ ಹಿಡಿಯದ ನಿಂಬೆಹಣ್ಣು ಇಡಿ.)

ಈಗ ದೊಡ್ಡವರ ಬಾಯಿಯ ವಿಷಯ. ಗೊಂಬೆ ಹಿಡಿದ ಮಗುವಿನ ಎದುರು ಕೂತ ನಮಗೆ ಎರಡು ಚಟ. ಒಂದು ಪ್ರಶ್ನೆಪತ್ರಿಕೆ: ‘ಇದು ಯಾವ ಪ್ರಾಣಿ? ಬಣ್ಣ ಯಾವುದು? ಎಷ್ಟು ಕಾಲು?’ ಇನ್ನೊಂದು ಪ್ರವಚನ: ‘ನೋಡು, ಹಂಚಿಕೊಂಡು ತಿನ್ನಬೇಕು, ಗೊತ್ತಾತಿಲ್ಲ?’ ಎರಡರಲ್ಲಿ ಯಾವುದು ಬಂದರೂ ಮಗು ಆಟದಿಂದ ಆಚೆ ಬಂದು ಶಾಲೆಯ ಮುಖ ಹಾಕಿಕೊಳ್ಳುತ್ತದೆ. ಬದಲಿಗೆ ಒಂದು ಗೊಂಬೆ ಎತ್ತಿಕೊಂಡು ಆ ಗೊಂಬೆಯಾಗಿಯೇ ಮಾತಾಡಿ, ಅದೂ ಸಣ್ಣ, ಸೋತ, ಏನೂ ತಿಳಿಯದ ಗೊಂಬೆಯಾಗಿ. ‘ಯಕ್ಕಾ, ನನಗ ದಾರಿ ತಪ್ಪೈತಿ.’ ಇಷ್ಟೇ. ಆಮೇಲೆ ಮನಸ್ಸಿನಲ್ಲಿ ಹತ್ತು ಎಣಿಸಿ. ಹತ್ತು ಎಣಿಸುವುದು ಬಹಳ ಉದ್ದ ಅನ್ನಿಸುತ್ತದೆ, ಆರಕ್ಕೆ ಬಾಯಿ ತೆರೆಯುತ್ತದೆ, ಕಚ್ಚಿ ಹಿಡಿಯಿರಿ. ಮಗುವಿನ ಮಾತು ಬರುವುದು ಬಹಳ ಸಲ ಏಳು ಎಂಟಕ್ಕೆ.

ತೊಂದರೆ ಯಾವುದಿರಬೇಕು? ಮಗುವಿಗೆ ಗೊತ್ತಿರುವ ಅಳತೆಯದು. ನಲ್ಲಿಗೆ ನೀರು ಬಂದಿಲ್ಲ, ಕೊಡ ಖಾಲಿ. ಎಮ್ಮೆ ಕರು ತಾಯಿಯನ್ನು ಬಿಟ್ಟು ಹಳ್ಳ ದಾಟಿದೆ. ಜಾತ್ರೆಯಲ್ಲಿ ತಮ್ಮ ಕೈ ಬಿಡಿಸಿಕೊಂಡು ಹೋದ. ಲೈನ್ ಹೋಗಿದೆ, ಸಣ್ಣ ಗೊಂಬೆಗೆ ಕತ್ತಲೆಂದರೆ ಹೆದರಿಕೆ. ಜಾತ್ರೆಯ ಕಥೆ ನಮ್ಮಲ್ಲಿ ಎಲ್ಲಾ ಮಕ್ಕಳಿಗೂ ಹಿಡಿಸುತ್ತದೆ, ಕೊಪ್ಪಳದ ಗವಿಮಠದ ತೇರಿನ ಜನ ನೋಡಿದ ಮಗುವಿಗೆ ಕಳೆದುಹೋಗುವುದೆಂದರೆ ಏನು ಅಂತ ಹೇಳಿಕೊಡಬೇಕಿಲ್ಲ. ರಾಕ್ಷಸ, ಬಾಂಬು, ಭೂಕಂಪ ಬೇಡ. ಅಷ್ಟು ದೊಡ್ಡ ತೊಂದರೆಗೆ ಮಗುವಿನ ಬಳಿ ಒಂದೇ ಪರಿಹಾರ, ಡಿಶುಂ. ಕಥೆ ಅಲ್ಲಿಗೇ ಮುಗಿಯಿತು.

ಐದು ದಾಟಿದವರಿಗೆ ಒಂದು ಉಪಾಯ: ಬೇರೆ ಬೇರೆ ಬೇಕುಗಳಿರುವ ಎರಡು ಗೊಂಬೆ ಇಡಿ. ಕುರಿಗೆ ಜೋಳದ ಪೈರು ಬೇಕು, ರೈತನಿಗೂ ಅದೇ ಬೇಕು. ಯಾರೂ ಕೆಟ್ಟವರಲ್ಲ. ಮೊದಲು ಮಗು ಕುರಿಯ ಕಡೆಯಿಂದ ಮಾತಾಡಲಿ, ಆಮೇಲೆ ಗೊಂಬೆ ಅದಲುಬದಲು ಮಾಡಿ. ರೈತನಾದ ಕೂಡಲೇ ಮಗುವಿನ ದನಿ ದಪ್ಪಗಾಗುತ್ತದೆ, ವಾದ ತಲೆಕೆಳಗಾಗುತ್ತದೆ.

ಇನ್ನು ಆಟಿಕೆ ಮಾಡುವುದು. ಮಗುವೇ ಮಾಡಿದ ಎತ್ತಿನ ಕಾಲು ಮುರಿದರೆ ಆಗುವ ಸಂಕಟ ಅಂಗಡಿಯ ಎತ್ತಿಗೆ ಬರುವುದಿಲ್ಲ. ಹೊಲದ ಎರೆಮಣ್ಣು ತಂದು ಮಾಡಿ ಕೈಸುಟ್ಟುಕೊಳ್ಳುವವರೇ ಹೆಚ್ಚು. ಎರೆ ನೀರು ಕುಡಿದಾಗ ಉಬ್ಬುತ್ತದೆ, ಒಣಗುವಾಗ ಅಷ್ಟೇ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಿರಿಯುವ ಹಾಗೇ ಎತ್ತೂ ಬಿರಿಯುತ್ತದೆ. ಕೆರೆಯಂಗಳದ ಜಿಗುಟು ಮಣ್ಣು ಅಥವಾ ಕುಂಬಾರರ ಹತ್ತಿರದ ಹದಮಣ್ಣು ಉತ್ತಮ. ನಾಲ್ಕು ಬೊಗಸೆ ಮಣ್ಣಿಗೆ ಒಂದು ಬೊಗಸೆ ಜರಡಿ ಹಿಡಿದ ಸಣ್ಣ ಮರಳು. ಎರೆಯೇ ಗತಿ ಅಂದರೆ ಮರಳು ಎರಡು ಬೊಗಸೆ, ಜೊತೆಗೆ ಬಿಡಿಸಿದ ಹತ್ತಿ ಒಂದು ಹಿಡಿ. ಹತ್ತಿಯ ಎಳೆ ಮಣ್ಣನ್ನು ಹಿಡಿದಿಡುತ್ತದೆ. ನೀರು ಹಾಕಿ ಕಲಸಿ, ಒದ್ದೆ ಗೋಣಿಚೀಲ ಮುಚ್ಚಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ರೊಟ್ಟಿ ಹಿಟ್ಟಿನ ಹಾಗೆ ನಾದಿ. ಬೆರಳಿನಷ್ಟು ದಪ್ಪ ಹೊಸೆದು ಉಂಗುರದಂತೆ ಬಗ್ಗಿಸಿದರೆ ಬಿರುಕು ಬರಬಾರದು. ಬಂದರೆ ಇನ್ನೂ ನಾದಬೇಕು ಇಲ್ಲವೇ ಸ್ವಲ್ಪ ನೀರು ಬೇಕು.

ಮೈ ಸಾಧಾರಣ ಬದನೆಕಾಯಿ ಗಾತ್ರ, ಹತ್ತು ಸೆಂಟಿಮೀಟರ್ ಉದ್ದ ಸಾಕು. ಕಾಲು ಹೆಬ್ಬೆರಳ ದಪ್ಪ, ನಾಲ್ಕು ಸೆಂಟಿಮೀಟರಿಗಿಂತ ಉದ್ದ ಬೇಡ. ಮಕ್ಕಳು ಕಾಲನ್ನು ಉದ್ದ, ತೆಳ್ಳಗೆ ಮಾಡುತ್ತಾರೆ, ಮೈಭಾರಕ್ಕೆ ಅದು ಮಡಚಿಕೊಳ್ಳುತ್ತದೆ. ಅಂಟಿಸುವ ಎರಡೂ ಕಡೆ ಕಡ್ಡಿಯಿಂದ ಗೀರಿ, ಮಣ್ಣಿನ ರಾಡಿ ಹಚ್ಚಿ, ಒತ್ತಿ ಹಿಡಿದು ಸಂದು ತೀಡಿ. ಕೊಂಬು, ಡುಬ್ಬ ಬೇರೆ ಮಾಡಿ ಅಂಟಿಸಬೇಡಿ, ತಲೆ ಬೆನ್ನಿನ ಮಣ್ಣನ್ನೇ ಎಳೆದು ತೆಗೆಯಿರಿ. ಗಟ್ಟಿಯಾಗಲಿ ಅಂತ ಕಾಲೊಳಗೆ ಕಡ್ಡಿ ತೂರಿಸುವುದು ದೊಡ್ಡ ತಪ್ಪು. ಮಣ್ಣು ಕುಗ್ಗುತ್ತದೆ, ಕಡ್ಡಿ ಕುಗ್ಗುವುದಿಲ್ಲ, ಕಾಲು ಸೀಳುತ್ತದೆ. ನೆರಳಲ್ಲಿ ಮೂರು ನಾಲ್ಕು ದಿನ ಒಣಗಲಿ. ರಾಯಚೂರಿನ ಬಿಸಿಲಿಗಿಟ್ಟರೆ ಮೇಲ್ಮೈ ಒಂದೇ ತಾಸಿಗೆ ಒಣಗಿ, ಒಳಗೆ ಹಸಿ ಉಳಿದು ಸೀಳುತ್ತದೆ. ಮೇವು ಹಾಕುವ ಗೋದಲಿಯನ್ನು ಮರೆಯಬೇಡಿ. ಗೋದಲಿ ಇದ್ದರೆ ಎತ್ತಿಗೆ ಹಸಿವೆ ಇರುತ್ತದೆ, ಹಸಿವೆ ಇದ್ದರೆ ಯಾರೋ ಮೇವು ತರಬೇಕು.

ಒಂದು ಎಚ್ಚರಿಕೆ, ಇದನ್ನು ಓದಿ ಮುಂದೆ ಹೋಗಿಬಿಡಬೇಡಿ. ಮಣ್ಣೆತ್ತಿಗೂ, ಆಷಾಢದ ಮಂಗಳವಾರ ಕೂರಿಸುವ ಮಣ್ಣಿನ ಗುಳ್ಳವ್ವನಿಗೂ ಗುಲಗಂಜಿ ಹಚ್ಚುವ ರೂಢಿ ಇದೆ. ಕೆಂಪು ಮೈ, ಕರಿ ಚುಕ್ಕೆ, ನೋಡಲು ಚಂದ. ಆದರೆ ಗುಲಗಂಜಿಯ ಒಳಗಿನ ಅಬ್ರಿನ್ ಕಡು ವಿಷ. ಸಿಪ್ಪೆ ಗಟ್ಟಿ ಇರುವುದರಿಂದ ಇಡಿಯಾಗಿ ನುಂಗಿದ್ದು ಹಾಗೇ ಹೊರಗೆ ಹೋಗಬಹುದು, ಕಡಿದು ಅಗಿದರೆ ಅಥವಾ ದಾರ ಪೋಣಿಸಲು ತೂತು ಮಾಡಿದ್ದಿದ್ದರೆ ಜೀವಕ್ಕೇ ಅಪಾಯ. ಆಡುವ ಎತ್ತಿಗೆ ಜೋಳ, ಕುಸುಬೆ ಅಥವಾ ತೊಗರಿ ಕಾಳು ಒತ್ತಿ. ಮಗು ಗುಲಗಂಜಿ ಬಾಯಿಗೆ ಹಾಕಿಕೊಂಡಿದೆ ಅನ್ನುವ ಅನುಮಾನ ಬಂದರೂ ವಾಂತಿ ಮಾಡಿಸುತ್ತಾ ಕೂರದೆ, ಒಂದು ಕಾಳನ್ನು ಜೊತೆಗಿಟ್ಟುಕೊಂಡು ನೇರ ಆಸ್ಪತ್ರೆಗೆ ಹೋಗಿ.

ಕಾಲು ಮುರಿದಾಗ ಏನು ಮಾಡಬೇಕು? ಒಣಗಿದ ಎತ್ತಿಗೆ ಹಸಿ ಮಣ್ಣು ಮೆತ್ತಿದರೆ ನಿಲ್ಲುವುದಿಲ್ಲ. ಹಸಿಯದು ಒಣಗುತ್ತಾ ಕುಗ್ಗಿ ಕಳಚಿಕೊಳ್ಳುತ್ತದೆ. ಮೈದಾ ಅಂಟಿನಲ್ಲಿ ಅದ್ದಿದ ಬೆರಳಗಲದ ಬಟ್ಟೆಪಟ್ಟಿಯನ್ನು ಎರಡು ಸುತ್ತು ಸುತ್ತಿದರೆ ನಿಲ್ಲುತ್ತದೆ. ಪಟ್ಟಿಯನ್ನು ಮಗುವೇ ಸುತ್ತಲಿ, ವಕ್ರವಾದರೂ ಚಿಂತೆಯಿಲ್ಲ. ಆ ಹೊತ್ತಿನಲ್ಲಿ ಮಗು ಎತ್ತಿನ ಕಿವಿಯಲ್ಲಿ ಏನೋ ಗುನುಗುತ್ತಿರುತ್ತದೆ. ಕೇಳಿಸಿಕೊಳ್ಳಿ, ‘ಏನಂದಿ?’ ಅಂತ ಕೇಳಬೇಡಿ.

ಬಟ್ಟೆಗೊಂಬೆ ಇನ್ನೂ ಸುಲಭ. ಹಳೆಯ ನೂಲಿನ ಸೀರೆಯ 40 ಸೆಂಟಿಮೀಟರ್ ಚೌಕ ತುಂಡು, ನಡುವೆ ದೊಡ್ಡ ನಿಂಬೆಹಣ್ಣಿನಷ್ಟು ಹತ್ತಿ, ಕೆಳಗೆ ಬಿಗಿಯಾಗಿ ದಾರ ಸುತ್ತಿದರೆ ತಲೆ. ಎರಡು ಮೂಲೆಗಳಿಗೆ ಗಂಟು ಹಾಕಿದರೆ ಕೈ, ಉಳಿದದ್ದು ಲಂಗ. ದಾರದ ತುದಿ ಹೊಲಿದು ಒಳಗೆ ಸೇರಿಸಿ, ಜೋತಾಡಲು ಬಿಡಬೇಡಿ. ಕಣ್ಣಿಗೆ ಗುಂಡಿ ಬೇಡ, ಕಿತ್ತು ನುಂಗುತ್ತಾರೆ, ದಾರದಲ್ಲೇ ಎರಡು ಹೊಲಿಗೆ ಸಾಕು. ಬಾಯಿ ಬಿಡಿಸಲೇಬೇಡಿ. ನಗುವ ಬಾಯಿ ಬಿಡಿಸಿದ ಗೊಂಬೆ ಸತ್ತ ಕರುವಿನ ಮುಂದೆಯೂ ನಗುತ್ತದೆ, ಮಗುವಿಗೆ ಅಲ್ಲೇ ಆಟ ಕೆಡುತ್ತದೆ. ಗಂಡುಮಕ್ಕಳಿಗೂ ಗೊಂಬೆ ಕೊಡಿ. ‘ಹೆಣ್ಣಮಕ್ಕಳ ಆಟ’ ಅನ್ನುವ ಮುತ್ಯಾನ ಬಾಯಿಗೆ ಒಂದು ಎಲೆಯಡಿಕೆ ಕೊಟ್ಟು ಕೂರಿಸಿ.

ಜೋಳದ ದಂಟಿನ ಬಂಡಿ ಏಳು ವರ್ಷದ ಮೇಲಿನವರಿಗೆ. ಒಳಗಿನ ಬೆಂಡಿಗೆ ಸಿಪ್ಪೆಯ ಕಡ್ಡಿ ಚುಚ್ಚಿ ಜೋಡಿಸುವುದಷ್ಟೇ, ಆದರೆ ದಂಟಿನ ಸಿಪ್ಪೆಯ ಅಂಚು ಬ್ಲೇಡಿಗಿಂತ ಕಡೆಯಲ್ಲ. ಸುಲಿಯುವುದು ದೊಡ್ಡವರ ಕೆಲಸ.

ನೆರಳಿನಾಟಕ್ಕೆ ನಮ್ಮ ಸೀಮೆಗಿಂತ ಶ್ರೀಮಂತ ಜಾಗ ಕಡಿಮೆ. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಬಳ್ಳಾರಿಯ ಬೆಳಗಲ್ಲು ವೀರಣ್ಣ ಗಾಂಧೀಜಿಯ ಬದುಕನ್ನೂ ತೊಗಲುಗೊಂಬೆಯ ಪರದೆಗೆ ತಂದವರು. ಆ ಆಟದಲ್ಲಿ ರಾಮ, ರಾವಣರ ನಡುವೆ ನುಗ್ಗಿ ಬಾಯಿಗೆ ಬಂದದ್ದು ಮಾತಾಡುವ ಕಿಳ್ಳೇಕ್ಯಾತ ಇದ್ದಾನಲ್ಲ, ಮಕ್ಕಳ ಕಥೆಗೆ ಬೇಕಾದವನು ಅವನೇ. ಕಥೆ ನಿಂತಾಗ ಕಿಳ್ಳೇಕ್ಯಾತ ಬಂದು ತಪ್ಪು ತಪ್ಪು ಹೇಳಲಿ: ‘ಓಹೋ, ಕುರಿಗೆ ಈಗ ಭಾಳ ಖುಷಿ ಆಗೇತಿ!’ ಮಗು ಸುಮ್ಮನಿರುವುದಿಲ್ಲ. ‘ಇಲ್ಲೋ, ಅದು ಅಳಾಕತ್ತೈತಿ, ಅದರವ್ವ ಇಲ್ಲ!’ ಕುರಿಗೆ ಏನನ್ನಿಸುತ್ತಿದೆ ಅಂತ ಹತ್ತು ಸಲ ಕೇಳಿದ್ದರೂ ಬಾರದ ಉತ್ತರ ಒಂದು ತಪ್ಪು ಮಾತಿಗೆ ಬರುತ್ತದೆ.

ಬಿಳಿ ಪಂಚೆಯನ್ನು ಬಾಗಿಲಿಗೆ ಬಿಗಿಯಾಗಿ ಕಟ್ಟಿ, ಹಿಂದೆ ಒಂದೂವರೆ ಮೀಟರ್ ದೂರದಲ್ಲಿ ಒಂದೇ ಒಂದು ದೀಪ ಇಡಿ. ಹತ್ತಾರು ಸಣ್ಣ ಬಲ್ಬುಗಳ ಎಲ್‌ಇಡಿ ಟಾರ್ಚ್ ಹಿಡಿದರೆ ಒಂದು ಗೊಂಬೆಗೆ ಹತ್ತು ನೆರಳು ಬೀಳುತ್ತವೆ. ಮೊಬೈಲಿನ ಟಾರ್ಚ್ ಚೆನ್ನಾಗಿ ಕೆಲಸ ಮಾಡುತ್ತದೆ. ಹಳೆಯ ಲಗ್ನಪತ್ರಿಕೆಯ ರಟ್ಟು ಕತ್ತರಿಸಿ ಕಸಬರಿಗೆ ಕಡ್ಡಿ ಅಂಟಿಸಿ. ಗೊಂಬೆ ಬಟ್ಟೆಗೆ ತಾಗಿದ್ದರೆ ಅಂಚು ಚೂಪು, ದೂರ ಹೋದಷ್ಟೂ ದೊಡ್ಡದು ಮತ್ತು ಮಬ್ಬು. ಹೆದರಿದ ಕುರಿ ಬಟ್ಟೆಗೆ ಅಂಟಿ ಸಣ್ಣಗಿರುತ್ತದೆ, ತೋಳ ದೀಪದ ಕಡೆಯಿಂದ ಬಂದರೆ ಗೋಡೆಯಷ್ಟಾಗುತ್ತದೆ. ಬಣ್ಣ ಬೇಕಾದರೆ ಬಿಳಿ ಹಾಳೆಗೆ ಬಣ್ಣ ಹಚ್ಚಿ ಹಿಂದಿನಿಂದ ಅಡುಗೆ ಎಣ್ಣೆ ಸವರಿ, ಬೆಳಕು ಹಾಯುತ್ತದೆ.

ಕಿನ್ನಾಳದ ಗೊಂಬೆ ಕೊಡಬಹುದಾ ಅಂತ ಕೇಳುತ್ತಾರೆ. ಕೊಪ್ಪಳ ತಾಲ್ಲೂಕಿನ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಭಾಗ ಜೋಡಿಸಿ, ಗೋಣಿನಾರಿನ ಪುಡಿ ಮತ್ತು ಕಟ್ಟಿಗೆ ಪುಡಿ ಕಲಸಿದ ‘ಕಿಟ್ಟ’ ಬಳಿದು, ಮೇಲೆ ಬಣ್ಣ ಹಚ್ಚುತ್ತಾರೆ. ಭೌಗೋಳಿಕ ಗುರುತು ಪಡೆದ ಕಸುಬು. ಐದಾರು ವರ್ಷದ ಮಗುವಿನ ಕೈಗೆ ಒಂದು ಪ್ರಾಣಿಯನ್ನು ಧಾರಾಳವಾಗಿ ಕೊಡಿ. ಬಾಯಿಗೆ ಹಾಕುವ ವಯಸ್ಸಿನವರಿಗೆ ಬೇಡ, ನೀರಲ್ಲಿ ತೊಳೆಯುವುದಂತೂ ಬೇಡ, ಹುಣಸೆ ಅಂಟು ನೀರಿಗೆ ಬಿಡುತ್ತದೆ. ಅಂಗಡಿಯ ಪ್ಲಾಸ್ಟಿಕ್ ಆಟಿಕೆಯಾದರೆ ಐಎಸ್ಐ ಗುರುತು ನೋಡಿ, 2021ರ ಜನವರಿಯಿಂದ ಅದು ಕಡ್ಡಾಯ. ಮೂರು ವರ್ಷದೊಳಗಿನವರಿಗೆ 31.7 ಮಿಲಿಮೀಟರ್ ಅಗಲದ ಕೊಳವೆಯೊಳಗೆ ಪೂರ್ತಿ ಮುಳುಗುವ ಯಾವ ಭಾಗವೂ ಕೂಡದು. ಬಟನ್ ಸೆಲ್ ಇರುವ ಹಾಡುವ ಗೊಂಬೆ ನನ್ನ ಲೆಕ್ಕದಲ್ಲಿ ಎರಡು ಪಟ್ಟು ನಷ್ಟ: ಸೆಲ್ ನುಂಗಿದರೆ ಅನ್ನನಾಳ ಸುಡುತ್ತದೆ, ಮತ್ತು ಗೊಂಬೆಯೇ ಹಾಡಿದರೆ ಮಗುವಿಗೆ ಹಾಡುವ ಕೆಲಸ ಇಲ್ಲ.

ಸಂಖ್ಯೆಯೂ ಮುಖ್ಯ. ಅಮೆರಿಕದ ಟೊಲಿಡೊ ವಿಶ್ವವಿದ್ಯಾಲಯದವರು 36 ಪುಟ್ಟ ಮಕ್ಕಳ ಮುಂದೆ ಒಮ್ಮೆ 4, ಒಮ್ಮೆ 16 ಆಟಿಕೆ ಇಟ್ಟು ನೋಡಿ 2018ರಲ್ಲಿ ಪ್ರಕಟಿಸಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಉಳಿದದ್ದನ್ನು ಟ್ರಂಕಿಗೆ ಹಾಕಿ, ವಾರಕ್ಕೊಮ್ಮೆ ಬದಲಿಸಿ.

ಆದರೆ ಸಂಶೋಧನೆಯ ಹೆಸರಲ್ಲಿ ಆಸೆ ಹಚ್ಚುವವರನ್ನು ಪೂರ್ತಿ ನಂಬಬೇಡಿ. ಕಾರ್ಡಿಫ್ ವಿಶ್ವವಿದ್ಯಾಲಯ 2020ರಲ್ಲಿ 4ರಿಂದ 8 ವರ್ಷದ 33 ಮಕ್ಕಳನ್ನು ನೋಡಿ, ಒಂಟಿಯಾಗಿ ಗೊಂಬೆಯಾಡುವಾಗಲೂ ಇನ್ನೊಬ್ಬರ ಮನಸ್ಸು ಊಹಿಸುವ ಮಿದುಳಿನ ಭಾಗ ಚುರುಕಾಗುತ್ತದೆ ಎಂದಿತು. ಕೇಳಲು ಚಂದ, ಆದರೆ ಅದರ ಹಿಂದೆ ಗೊಂಬೆ ಮಾರುವ ಕಂಪನಿಯ ದುಡ್ಡಿತ್ತು. ಮನಶ್ಶಾಸ್ತ್ರಜ್ಞೆ ಆ್ಯಂಜಲೀನ್ ಲಿಲ್ಲಾರ್ಡ್ ಮತ್ತು ಸಂಗಡಿಗರು 2013ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದು, ನಟನೆಯ ಆಟದಿಂದಲೇ ಇದೆಲ್ಲ ಬರುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಸಾಲದು ಅಂದಿದ್ದಾರೆ. ಗೊಂಬೆ ಕೊಟ್ಟ ಮಾತ್ರಕ್ಕೆ ಮಗು ಕರುಣಾಳು ಆಗುವುದಿಲ್ಲ. ಮನೆಯಲ್ಲಿ ನಾಯಿಗೆ ಕಲ್ಲು ಹೊಡೆಯುವವರು ಗೊಂಬೆಗೆ ಮುದ್ದು ಮಾಡಿಸಿ ಏನು ಬಂತು?

ಮಗು ಗೊಂಬೆಗೆ ಹೊಡೆದರೆ ಗದರಬೇಡಿ. ಆ ಗೊಂಬೆಯಾಗಿ ‘ಅವ್ವಾ, ನೋವಾತು’ ಅನ್ನಿ, ಮುಂದೆ ಏನಾಗುತ್ತದೆ ನೋಡಿ. ಮಗು ಔಷಧಿ ತರುತ್ತದೆ, ಇಲ್ಲವೇ ಇನ್ನೊಂದು ಏಟು ಕೊಡುತ್ತದೆ. ಎರಡೂ ಸಹಜ, ಹೊಡೆಯುವುದು ಹೇಗನ್ನಿಸುತ್ತದೆ ಅಂತ ಮಗು ನೋಡುತ್ತಿದೆ. ವಾರಗಟ್ಟಲೆ ಅದೇ ದೃಶ್ಯ, ಅದೇ ಮಾತು, ಆಟ ಮುಗಿದ ಮೇಲೂ ಮುಖ ಸಡಿಲಾಗದಿದ್ದರೆ ಮಾತ್ರ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಒಮ್ಮೆ ತೋರಿಸಿ.

ಇನ್ನೊಂದು ಆಟ ನಮ್ಮ ಸೀಮೆಯಲ್ಲೆಲ್ಲ ಕಾಣುವಂಥದ್ದು. ಅಪ್ಪ ಅವ್ವ ದುಡಿಯಲು ಗುಳೆ ಹೋಗಿ, ಅಜ್ಜಿಯ ಹತ್ತಿರ ಉಳಿದ ಮಗು ಗೊಂಬೆಯ ಬಟ್ಟೆಯನ್ನೆಲ್ಲ ಗಂಟು ಕಟ್ಟುತ್ತದೆ, ಗೊಂಬೆಯನ್ನು ಬಸ್ಸು ಹತ್ತಿಸುತ್ತದೆ, ಇಳಿಸುತ್ತದೆ, ಮತ್ತೆ ಹತ್ತಿಸುತ್ತದೆ. ನೋಡುವವರ ಕರುಳು ಚುರ್ ಅನ್ನುತ್ತದೆ, ‘ಬಾ, ಬ್ಯಾರೆ ಆಟ ಆಡೋಣು’ ಅಂತ ಎಳೆಯುತ್ತಾರೆ. ಎಳೆಯಬೇಡಿ. ಪಕ್ಕದಲ್ಲಿ ಕೂತು, ಕಂಡಕ್ಟರ್ ಆಗಿ ಟಿಕೆಟ್ ಹರಿಯಿರಿ. ‘ಯಾವೂರಿಗ್ರಿ? ವಾಪಸ್ ಯಾವಾಗ?’ ಅಂತ ಕೇಳಿ, ಹತ್ತು ಎಣಿಸಿ.

ಮುಂದಿನ ಸಲ ಹೊರಡುವ ಮುಂಚೆ ಒಂದು ಕೆಲಸ ಮಾಡಬಹುದು. ಅವ್ವನ ಒಂದೇ ಸೀರೆಯಿಂದ ಎರಡು ತುಂಡು ಹರಿದು ಎರಡು ಗೊಂಬೆ ಕಟ್ಟಿ. ಒಂದು ಅವ್ವನ ಚೀಲಕ್ಕೆ, ಒಂದು ಮಗುವಿನ ಹಾಸಿಗೆಗೆ. ಫೋನ್ ಬಂದಾಗ ‘ಸಾಲಿಗೆ ಹೋದಿಯಿಲ್ಲ? ಉಂಡಿಯಿಲ್ಲ?’ ಆದಮೇಲೆ ಎರಡು ನಿಮಿಷ ಗೊಂಬೆಗಳು ಮಾತಾಡಲಿ, ಈ ಕಡೆಯದು ಆ ಕಡೆಯದಕ್ಕೆ. ಮಣ್ಣೆತ್ತಿನ ಜೋಡಿಯಲ್ಲಿ ಒಂದನ್ನು ಕಳಿಸುವ ಯೋಚನೆಯೂ ಚಂದವೇ, ಆದರೆ ರಾತ್ರಿ ಬಸ್ಸಿನ ಕುಲುಕಾಟಕ್ಕೆ ಮಣ್ಣು ತಾಳುವುದಿಲ್ಲ.